ಆ ಕೈ ಯಾರದು ಅಂತ ಕೇಳಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ತಿಪಟೂರು ಕಡೆಯವಳು. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದೆ. ಈ ಪತ್ರವನ್ನು ಅವನಿಗೆ ಓದಿ ಹೇಳಿದ್ದೇನೆ. ಎರಡು ಸಾಲು ಬೇಡ ಅಂದ, ತೆಗೆದಿದ್ದೇನೆ. ಮಿಕ್ಕಿದ್ದಕ್ಕೆ ಆಗಲಿ ಅಂದಿದ್ದಾನೆ.

ಅವನಿಗೆ ಆಗ 22 ವರ್ಷ. ಹಿತ್ತಲಲ್ಲಿ ಹಾರೆ ನೆಟ್ಟುಕೊಂಡು ತೆಂಗಿನಕಾಯಿ ಸುಲಿಯುತ್ತಿದ್ದ. ಚಿಕ್ಕಂದಿನಿಂದ ಮಾಡಿದ ಕೆಲಸ. ಕಾಯನ್ನು ಮೊನೆಗೆ ಕುಟ್ಟಿ, ತಿರುವಿ, ಮೂರು ಏಟಿಗೆ ಮಟ್ಟೆ ಬಿಡಿಸುತ್ತಿದ್ದ. ಅವತ್ತು ಅರ್ಧಕ್ಕೇ ನಿಲ್ಲಿಸಿದ. ಎರಡೂ ಕೈ ಮುಂದೆ ಚಾಚಿಕೊಂಡು ನೋಡುತ್ತಾ ನಿಂತ. ಏಟು ಬಿತ್ತೇನೋ ಅಂತ ನಾನು ಓಡಿಹೋದೆ. "ಏಟಲ್ಲ ಅಕ್ಕ. ಕಾಯಿ ಸುಲೀತಿರೋದು ನಾನಲ್ಲ. ಕೈ ಅದರ ಪಾಡಿಗೆ ಅದು ಹೋಗ್ತಿದೆ. ಯಾರೋ ಆಡಿಸ್ತಿದಾರೆ" ಅಂದ.

ನಾನು ಬೈದೆ. ಕೆಲಸ ತಪ್ಪಿಸಿಕೊಳ್ಳೋಕೆ ನೆಪ ಅಂದುಕೊಂಡೆ. ಇವತ್ತಿಗೂ ಆ ಬೈಗುಳ ನನ್ನನ್ನು ಸುಡುತ್ತದೆ.

ಆಮೇಲೆ ಆದದ್ದು ನಿಮಗೆ ಹೊಸದಲ್ಲ. ತಾಯತ ಕಟ್ಟಿಸಿದೆವು, ಮೈಮೇಲೆ ಬಂದಿದೆ ಅಂದವರ ಮಾತು ಕೇಳಿದೆವು, ಹರಕೆ ಹೊತ್ತೆವು. ಒಂದೂವರೆ ವರ್ಷ ಹೋಯಿತು. ಈ ಕಾಯಿಲೆಯಲ್ಲಿ ಚಿಕಿತ್ಸೆ ಎಷ್ಟು ತಡವಾದರೆ ಚೇತರಿಕೆ ಅಷ್ಟು ಕಷ್ಟ ಅಂತ ಗೊತ್ತಾದದ್ದು ಆ ಒಂದೂವರೆ ವರ್ಷ ಕಳೆದ ಮೇಲೆ. ಕೊನೆಗೆ ಆಸ್ಪತ್ರೆಗೆ ಹೋದೆವು. ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಅವನ ಕಿವಿಯಲ್ಲಿ ಬೈಯುತ್ತಿದ್ದ ದನಿಗಳು ತಗ್ಗಿದವು. ರಾತ್ರಿ ಮಲಗಿದ. ಅಮ್ಮ ಆವತ್ತು ಪಾಯಸ ಮಾಡಿದಳು. ಮಾತ್ರೆಯ ಬಗ್ಗೆ ನನ್ನದೊಂದು ದೂರೂ ಇಲ್ಲ. ಈ ಪತ್ರ ಓದಿ ಯಾರೂ ಮಾತ್ರೆ ಬಿಡಬೇಡಿ, ಬಿಡಿಸಬೇಡಿ.

ಆದರೆ ಮೈಯ ಕಥೆ ಹಾಗೇ ಉಳಿಯಿತು. ಅವನು ಸೆಕೆಗಾಲದಲ್ಲೂ ಸೊಂಟಕ್ಕೆ ಟವೆಲ್ಲನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತಾನೆ. ನಡೆಯುವಾಗ ಒಂದು ಕೈ ಗೋಡೆಗೆ ತಾಕಿಸಿಕೊಂಡೇ ನಡೆಯುತ್ತಾನೆ. ಯಾಕೋ ಹೀಗೆ ಅಂತ ಒಂದು ದಿನ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದ: "ನಾನು ಎಲ್ಲಿಗೆ ಮುಗೀತೀನಿ ಅಂತ ಗೊತ್ತಾಗಬೇಕಲ್ಲ ಅಕ್ಕ."

ಈ ಮಾತನ್ನು ನಾನು ಒಬ್ಬ ವೈದ್ಯರಿಗೆ ಹೇಳಿದೆ. ಯಾವ ಆಸ್ಪತ್ರೆ, ಯಾರು ಅನ್ನುವುದು ಇಲ್ಲಿ ಬೇಡ. ಅವರು ಒಳ್ಳೆಯವರೇ. ಬಾಗಿಲ ಹೊರಗೆ ನಲವತ್ತು ಜನ ಕಾಯುತ್ತಿದ್ದರು. "ಅದೂ ಭ್ರಮೆನೇ ಅಮ್ಮ, ಮಾತ್ರೆ ಮುಂದುವರಿಸಿ" ಅಂದರು. ನಿದ್ದೆ ಬರುತ್ತಾ, ಊಟ ಮಾಡ್ತಾನಾ, ದನಿ ಕೇಳುತ್ತಾ ಅಂತ ಕೇಳಿ ಚೀಟಿ ಬರೆದರು. ಎಷ್ಟೋ ವರ್ಷದಿಂದ ಇವೇ ಪ್ರಶ್ನೆಗಳು. ನಿನ್ನ ಮೈ ನಿನಗೆ ಹೇಗೆ ಅನ್ನಿಸುತ್ತದೆ ಅಂತ ಒಬ್ಬರೂ ಅವನನ್ನು ಕೇಳಿಲ್ಲ. ನನ್ನ ಅಹವಾಲು ಇಷ್ಟೇ ಸಚಿವರೇ, ಅದನ್ನು ಕೇಳಿಸಿ. ಯಾಕೆ ಕೇಳಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೇಷ್ಟ್ರ ಅಭ್ಯಾಸ, ಸಹಿಸಿಕೊಳ್ಳಿ.

ಹೋದ ವರ್ಷ ಒಂಬತ್ತನೇ ಕ್ಲಾಸಿನಲ್ಲಿ ನರಮಂಡಲದ ಪಾಠ ಮಾಡುವಾಗ ಒಂದು ಪ್ರಯೋಗ ಮಾಡಿಸಿದೆ. ಆಸ್ಪತ್ರೆಯಲ್ಲಿ ಹಾಕಿಕೊಳ್ಳುವ ರಬ್ಬರ್ ಗ್ಲೌಸಿಗೆ ರಾಗಿ ಹಿಟ್ಟು ತುಂಬಿ, ಬಾಯಿ ಕಟ್ಟಿ, ಮೇಜಿನ ಮೇಲಿಟ್ಟೆ. ಒಬ್ಬ ಹುಡುಗಿಯನ್ನು ಕೂರಿಸಿದೆ. ಅವಳ ನಿಜವಾದ ಕೈ ಕಾಣದ ಹಾಗೆ ಅಟ್ಲಾಸ್ ಪುಸ್ತಕವನ್ನು ಅಡ್ಡ ನಿಲ್ಲಿಸಿದೆ. ಎರಡು ಪೇಂಟಿಂಗ್ ಬ್ರಷ್ ತಗೊಂಡು, ಹಿಟ್ಟಿನ ಕೈಯನ್ನೂ ಅವಳ ಕೈಯನ್ನೂ ಒಂದೇ ಸಮಕ್ಕೆ, ಒಂದೇ ಬೆರಳಿನ ಮೇಲೆ ಸವರುತ್ತಾ ಹೋದೆ. ಅವಳು ಹಿಟ್ಟಿನ ಕೈಯನ್ನೇ ನೋಡುತ್ತಿದ್ದಳು. ಒಂದೆರಡು ನಿಮಿಷ ಆಗಿರಬಹುದು. "ಮಿಸ್, ಇದೇ ನನ್ ಕೈ ಅನ್ಸ್ತಿದೆ" ಅಂದಳು. ನಾನು ಡಸ್ಟರ್ ಎತ್ತಿ ಹಿಟ್ಟಿನ ಕೈಗೆ ಹೊಡೆಯುವ ಹಾಗೆ ಮಾಡಿದೆ. ಅವಳು ಚೀರಿ ಪುಸ್ತಕದ ಹಿಂದಿದ್ದ ಸ್ವಂತ ಕೈಯನ್ನು ಎಳೆದುಕೊಂಡಳು. ಆಮೇಲೆ ಬ್ರಷ್ಷುಗಳನ್ನು ಹಿಂದುಮುಂದಾಗಿ ಆಡಿಸಿದೆ, ಇಲ್ಲೊಂದು ಸಲ, ಅಲ್ಲೊಂದು ಸಲ. ಮಾಯೆ ಹೋಯಿತು. ಹಿಟ್ಟಿನ ಕೈ ಹಿಟ್ಟಿನ ಕೈಯೇ ಆಯಿತು.

ಇದು ನನ್ನ ಸ್ವಂತ ಪ್ರಯೋಗವಲ್ಲ. 1998ರಲ್ಲಿ ಬೊಟ್ವಿನಿಕ್ ಮತ್ತು ಕೊಹೆನ್ ಎಂಬಿಬ್ಬರು ರಬ್ಬರ್ ಕೈ ಇಟ್ಟು ಮಾಡಿ ತೋರಿಸಿದ್ದು. ಇದರಲ್ಲಿ ನನಗೆ ದೊಡ್ಡದು ಅನ್ನಿಸುವುದು ಏನೆಂದರೆ, ಈ ಕೈ ನನ್ನದು ಅನ್ನುವುದು ಹುಟ್ಟುವಾಗಲೇ ಬರೆದಿಟ್ಟ ಪಹಣಿ ಅಲ್ಲ. ಕಣ್ಣು ಕಂಡದ್ದು, ಚರ್ಮಕ್ಕೆ ತಾಕಿದ್ದು, ಕೀಲುಗಳು ಹೇಳಿದ್ದು, ಇವೆಲ್ಲ ಒಂದೇ ಸಮಕ್ಕೆ ಹೊಂದಿದರೆ ಮಿದುಳು ಕ್ಷಣಕ್ಷಣವೂ "ನನ್ನದು" ಅಂತ ಮೊಹರು ಹಾಕುತ್ತದೆ. ಯಾವ ಕಾಯಿಲೆಯೂ ಇಲ್ಲದ 14 ವರ್ಷದ ಹುಡುಗಿಯಲ್ಲೇ ಆ ಮೊಹರನ್ನು ಎರಡು ಬ್ರಷ್ಷಿನಿಂದ ಬೇರೆ ಕಡೆಗೆ ಹಾಕಿಸಬಹುದು ಅಂದಮೇಲೆ, ನನ್ನ ತಮ್ಮನ ಮಾತು ಅಷ್ಟು ವಿಚಿತ್ರವೇನಲ್ಲ, ಅಲ್ವಾ?

ಇದರ ಪಕ್ಕದಲ್ಲೇ ಇನ್ನೊಂದು ವಿಷಯ ಇದೆ. ಕೈ ನನ್ನದು ಅನ್ನುವುದು ಒಂದು. ಕೈ ಆಡಿಸುತ್ತಿರುವುದು ನಾನು ಅನ್ನುವುದು ಇನ್ನೊಂದು. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ. ಯಾಕೆ? ನಿಮ್ಮ ಇಲಾಖೆಯಿಂದ ಒಂದು ಆದೇಶ ಹೊರಟರೆ ಕೆಳಗೆ "ಪ್ರತಿ" ಅಂತ ಬರೆದು ಸಂಬಂಧಪಟ್ಟ ಕಚೇರಿಗೂ ಒಂದು ಕಳಿಸುತ್ತೀರಿ. ಮಿದುಳೂ ಹಾಗೇ ಮಾಡುತ್ತದೆ. ಕೈಗೆ "ಆಡು" ಅಂತ ಆದೇಶ ಹೋದಾಗ, ಸ್ಪರ್ಶವನ್ನು ಗಮನಿಸುವ ಭಾಗಕ್ಕೂ ಒಂದು ಪ್ರತಿ ಹೋಗುತ್ತದೆ: ಈಗ ಇಂಥ ಸ್ಪರ್ಶ ಬರುತ್ತದೆ, ಅದು ನಮ್ಮದೇ ಕೆಲಸ, ತಲೆ ಕೆಡಿಸಿಕೊಳ್ಳಬೇಡ. ಹಾಗಾಗಿ ನಮ್ಮ ಕಚಗುಳಿ ನಮಗೆ ಮಂಕಾಗಿ ತಿಳಿಯುತ್ತದೆ. ಆ ಪ್ರತಿ ತಲುಪದೇ ಹೋದರೆ? ಕೈ ಆಡುತ್ತದೆ, ಸ್ಪರ್ಶ ಬರುತ್ತದೆ, ಮಾಡಿದ್ದು ಯಾರು ಅನ್ನುವುದಕ್ಕೆ ಮಾತ್ರ ದಾಖಲೆ ಇಲ್ಲ.

ಲಂಡನ್ನಿನಲ್ಲಿ ಸಾರಾ-ಜೇನ್ ಬ್ಲೇಕ್‌ಮೋರ್, ಕ್ರಿಸ್ ಫ್ರಿತ್ ಮತ್ತವರ ಸಂಗಡಿಗರು 2000ದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ದನಿ ಕೇಳುವ, ಅಥವಾ ಯಾರೋ ನನ್ನನ್ನು ಆಡಿಸುತ್ತಿದ್ದಾರೆ ಅನ್ನುವ ರೋಗಿಗಳಿಗೆ ತಮ್ಮ ಕೈಯಿಂದಲೇ ಆದ ಸ್ಪರ್ಶವೂ ಬೇರೆಯವರ ಸ್ಪರ್ಶದಷ್ಟೇ ಜೋರಾಗಿ ತಿಳಿಯಿತು. ಇದನ್ನು ಓದಿದ ರಾತ್ರಿ ನಾನು ಹಿತ್ತಲಿಗೆ ಹೋಗಿ ಆ ಹಾರೆ ನೆಟ್ಟ ಜಾಗದಲ್ಲಿ ಸುಮಾರು ಹೊತ್ತು ನಿಂತಿದ್ದೆ. ನನ್ನ ತಮ್ಮ ಸುಳ್ಳು ಹೇಳಿರಲಿಲ್ಲ. ಅವನಿಗೆ ಗೊತ್ತಾದದ್ದನ್ನು ಗೊತ್ತಾದ ಹಾಗೇ ಹೇಳಿದ್ದ. ಯಾರೋ ಆಡಿಸುತ್ತಿದ್ದಾರೆ ಅನ್ನುವ ವಿವರಣೆ ತಪ್ಪಿರಬಹುದು. ಆದರೆ ನಾನಲ್ಲ ಅನ್ನಿಸಿದ್ದು ನಿಜ.

ಈಗ ವರ್ಚುವಲ್ ರಿಯಾಲಿಟಿಗೆ, ಅಂದರೆ ಇಲ್ಲದ ಲೋಕವನ್ನು ಇರುವ ಹಾಗೆ ತೋರಿಸುವ ವಿ.ಆರ್. ತಂತ್ರಕ್ಕೆ ಬರುತ್ತೇನೆ. ಕಣ್ಣಿಗೆ ಕಟ್ಟಿಕೊಳ್ಳುವ ಆ ಹೆಡ್‌ಸೆಟ್ಟನ್ನು ಮಕ್ಕಳ ಆಟದ ಸಾಮಾನು ಅಂತಲೇ ನಾವು ನೋಡಿದ್ದು. ರಬ್ಬರ್ ಕೈ ಒಂದು ಕೈಗೆ ಏನು ಮಾಡುತ್ತದೋ ಅದನ್ನು ಇಡೀ ಮೈಗೆ ಮಾಡುವ ಶಕ್ತಿ ಅದಕ್ಕಿದೆ. 2007ರಲ್ಲಿ ಸ್ವಿಟ್ಜರ್ಲೆಂಡಿನ ಓಲಾಫ್ ಬ್ಲಾಂಕೆ ಮತ್ತು ಬಿಗ್ನಾ ಲೆಂಗೆನ್‌ಹಾಗರ್ ಅವರ ತಂಡ ಜನರನ್ನು ನಿಲ್ಲಿಸಿ, ಎರಡು ಮೀಟರ್ ಹಿಂದೆ ಕ್ಯಾಮೆರಾ ಇಟ್ಟು, ಅವರ ಬೆನ್ನನ್ನೇ ಅವರ ಕಣ್ಣ ಮುಂದೆ ತೋರಿಸಿತು. ಬೆನ್ನು ಸವರಿದಾಗ ಮುಂದೆ ಕಾಣುವ ಮೈಯ ಬೆನ್ನೂ ಅದೇ ಸಮಕ್ಕೆ ಸವರಿಸಿಕೊಳ್ಳುತ್ತಿತ್ತು. ಆಮೇಲೆ ಕಣ್ಣು ಕಟ್ಟಿ, ಹಿಂದಕ್ಕೆ ಸರಿಸಿ, ನೀವು ನಿಂತಿದ್ದ ಜಾಗಕ್ಕೆ ಹೋಗಿ ಅಂದರೆ, ಅವರು ತಮ್ಮ ಜಾಗ ದಾಟಿ ಆ ಚಿತ್ರದ ಮೈ ಕಂಡ ಕಡೆಗೆ ಜಾರಿ ನಿಂತರು. ನಾನು ಎಲ್ಲಿದ್ದೇನೆ ಅನ್ನುವುದೂ ಮಿದುಳು ಹಾಕುವ ಲೆಕ್ಕವೇ ಅಂತಾಯಿತು.

ಇದೇ ಬ್ಲಾಂಕೆ ಅವರ ತಂಡ 2014ರಲ್ಲಿ ಮಾಡಿದ ಇನ್ನೊಂದು ಪ್ರಯೋಗ ನನ್ನ ನಿದ್ದೆ ಕೆಡಿಸಿತು. ಕಣ್ಣು ಕಟ್ಟಿದ ಆರೋಗ್ಯವಂತ ಜನ ಮುಂದಿರುವ ಒಂದು ಕೋಲನ್ನು ಬೆರಳಿನಿಂದ ಆಡಿಸುತ್ತಾರೆ. ಅವರ ಬೆನ್ನ ಹಿಂದಿರುವ ರೋಬೋಟ್ ಅದೇ ಚಲನೆಯಲ್ಲಿ ಬೆನ್ನು ಮುಟ್ಟುತ್ತದೆ. ಒಂದೇ ಸಮಕ್ಕೆ ಮುಟ್ಟಿದರೆ, ನನ್ನ ಬೆನ್ನನ್ನು ನಾನೇ ಮುಟ್ಟಿಕೊಂಡ ಹಾಗಿದೆ ಅನ್ನುತ್ತಾರೆ. ಅರ್ಧ ಸೆಕೆಂಡ್ ತಡವಾಗಿ ಮುಟ್ಟಿದರೆ, ಯಾರೋ ನನ್ನ ಹಿಂದೆ ನಿಂತಿದ್ದಾರೆ ಅನ್ನುತ್ತಾರೆ. ಕೆಲವರು ನಿಲ್ಲಿಸಿ ಅಂತ ಕೇಳಿಕೊಂಡರು. ಅರ್ಧ ಸೆಕೆಂಡ್, ಸಚಿವರೇ. ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನುವುದಕ್ಕೆ ದೆವ್ವ ಬೇಕಿಲ್ಲ, ಮಾಟ ಬೇಕಿಲ್ಲ. ನನ್ನ ತಮ್ಮ ಬಸ್ಸಿನಲ್ಲಿ ಯಾವಾಗಲೂ ಕಡೇ ಸೀಟಿನಲ್ಲೇ ಕೂರುತ್ತಾನೆ, ಬೆನ್ನ ಹಿಂದೆ ಖಾಲಿ ಇರಬಾರದು ಅಂತ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಸ್ಕಿಜೋಫ್ರೇನಿಯಾ ಇರುವವರಿಗೆ ರಬ್ಬರ್ ಕೈಯ ಮಾಯೆ ಬೇಗ, ಜೋರಾಗಿ ಹತ್ತುತ್ತದೆ ಅಂತ 2000ದಲ್ಲಿ ಇಸ್ರೇಲಿನಿಂದ ಒಂದು ಅಧ್ಯಯನ ಬಂತು. 2011ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕ್ಯಾಥರಿನ್ ಥಕ್ಕರ್, ಸೋಹೀ ಪಾರ್ಕ್ ತಂಡವೂ ಹಾಗೇ ಹೇಳಿತು. ಆದರೆ 2018ರಲ್ಲಿ ಬ್ಲಾಂಕೆ ಅವರೂ ಇದ್ದ ಒಂದು ತಂಡ ಪೂರ್ತಿ ಮೈಯ ಮಾಯೆಯನ್ನು ರೋಗಿಗಳ ಮೇಲೆ ಪರೀಕ್ಷಿಸಿ, ಹಳೆಯ ಅಧ್ಯಯನಗಳನ್ನೂ ಒಟ್ಟು ಹಾಕಿ ನೋಡಿ, "ಈ ಮೈ ನನ್ನದು" ಅನ್ನುವುದರಲ್ಲಿ ಕೊರತೆ ಇದೆ ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ ಅಂತ ಬರೆಯಿತು. ಮೊದಲು ನನಗೆ ಬೇಜಾರಾಯಿತು. ಆಮೇಲೆ ನಿಧಾನಕ್ಕೆ ಯೋಚಿಸಿದೆ. ನನ್ನ ತಮ್ಮ ಅವತ್ತು ಕೈ ಬೇರೆಯವರದು ಅಂದಿರಲಿಲ್ಲ. ಆಡಿಸುತ್ತಿರುವುದು ನಾನಲ್ಲ ಅಂದಿದ್ದ. ಎರಡೂ ಬೇರೆ ಬೇರೆ. ಅವನ ಮಾತು ನಮಗಿಂತ ಕರಾರುವಾಕ್ಕಾಗಿತ್ತು. ಈ ಕಾಯಿಲೆ ಇರುವ ಎಲ್ಲರಿಗೂ ಒಂದೇ ತರಹ ಆಗುವುದಿಲ್ಲ ಅನ್ನುವುದೂ ಇದರಿಂದ ತಿಳಿಯುತ್ತದೆ. ಹಾಗಿರುವಾಗ ಒಬ್ಬೊಬ್ಬರನ್ನೂ ಕೂರಿಸಿ ಕೇಳದೆ ಬೇರೆ ದಾರಿ ಇಲ್ಲ.

ಕೇಳುವುದು ಹೇಗೆ ಅನ್ನುವುದಕ್ಕೂ ದಾರಿ ಇದೆ. ಡೆನ್ಮಾರ್ಕಿನ ಜೋಸೆಫ್ ಪಾರ್ನಾಸ್ ಮತ್ತು ಸಂಗಡಿಗರು 2005ರಲ್ಲಿ ಒಂದು ಸಂದರ್ಶನ ಕ್ರಮ ಹೊರತಂದರು. ಅದರಲ್ಲಿ 57 ಅಂಶಗಳಿವೆ. ಐದು ಭಾಗಗಳಲ್ಲಿ ಒಂದು ಭಾಗ ಇಡಿಯಾಗಿ ಮೈಯ ಅನುಭವಗಳದ್ದು, ಇನ್ನೊಂದು ನನಗೂ ಹೊರಗಿನದಕ್ಕೂ ನಡುವಿನ ಗಡಿ ಅಳಿಸಿದ ಹಾಗಾಗುವುದರದ್ದು. ತಮ್ಮನ ಟವೆಲ್ಲಿನ ಮಾತಿಗೆ ಅಲ್ಲಿ ಜಾಗ ಇದೆ. ನಮ್ಮಲ್ಲಿ ಅಷ್ಟು ದೀರ್ಘ ಸಂದರ್ಶನಕ್ಕೆ ಪುರುಸೊತ್ತು ಇಲ್ಲ ಅಂತ ನನಗೆ ಗೊತ್ತು. ಅದಕ್ಕೇ ಒಂದು ಸುಲಭದ್ದು ಹೇಳುತ್ತೇನೆ. ಫಿನ್ಲೆಂಡಿನ ವಿಜ್ಞಾನಿಗಳು 2014ರಲ್ಲಿ ಮನುಷ್ಯನ ಆಕಾರದ ಚಿತ್ರ ಕೊಟ್ಟು, ಸಿಟ್ಟು ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ, ಭಯವಾದಾಗ ಎಲ್ಲಿ, ಬಣ್ಣ ಹಾಕಿ ಅಂದರು. 2019ರಲ್ಲಿ ವ್ಯಾಂಡರ್‌ಬಿಲ್ಟಿನವರು ಅದನ್ನೇ ಸ್ಕಿಜೋಫ್ರೇನಿಯಾ ಇರುವವರಿಗೆ ಕೊಟ್ಟರು. ಒಂದು ಭಾವಕ್ಕೂ ಇನ್ನೊಂದಕ್ಕೂ ಅವರ ಚಿತ್ರಗಳಲ್ಲಿ ವ್ಯತ್ಯಾಸ ಕಡಿಮೆ ಇತ್ತು.

ನಾನೂ ಒಂದು ಡ್ರಾಯಿಂಗ್ ಹಾಳೆಯಲ್ಲಿ ಮನುಷ್ಯನ ಗೆರೆ ಎಳೆದು, ಮಕ್ಕಳ ಕ್ರೇಯಾನ್ ಡಬ್ಬಿ ಕೊಟ್ಟು ತಮ್ಮನ ಮುಂದೆ ಇಟ್ಟೆ. ಖುಷಿ ಅಂದಾಗ ಅಂಗೈಗೆ ಹಳದಿ ಹಾಕಿದ. ಸಿಟ್ಟು ಅಂದಾಗ ಹಣೆಗೆ ಕೆಂಪು. ಭಯ ಅಂದೆ. ನೀಲಿ ಕ್ರೇಯಾನ್ ತಗೊಂಡು ಸುಮಾರು ಹೊತ್ತು ಹಾಗೇ ಹಿಡಿದು ಕೂತ. ಆಮೇಲೆ ಗೆರೆಯ ಆಚೆ ಹಾಕಿದ. ಒಳಗಲ್ಲ, ಆಚೆ. ಎಡ ಭುಜದ ಪಕ್ಕ, ಖಾಲಿ ಜಾಗದಲ್ಲಿ, ಹಾಳೆ ಹರಿಯುವಷ್ಟು ಒತ್ತಿ ತಿಕ್ಕಿದ. ಹತ್ತು ರೂಪಾಯಿಯ ಕ್ರೇಯಾನ್ ಡಬ್ಬಿ. ವರ್ಷಗಳಿಂದ ಕೇಳದೆ ಉಳಿದ ಪ್ರಶ್ನೆಗೆ ಅವನು ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟ.

ಹಾಗಾದರೆ ಹೆಡ್‌ಸೆಟ್ ಚಿಕಿತ್ಸೆಗೂ ಬರುತ್ತದಾ? ಬರುತ್ತಿದೆ. ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ಅವರ ತಂಡ ಮನೆಯಿಂದ ಹೊರಗೆ ಬರಲು ಹೆದರುವ ರೋಗಿಗಳಿಗೆ ಗೇಮ್‌ಚೇಂಜ್ ಅನ್ನುವ ವಿ.ಆರ್. ಚಿಕಿತ್ಸೆ ರೂಪಿಸಿತು. 346 ಜನರ ಮೇಲೆ ಪರೀಕ್ಷೆ ಮಾಡಿ 2022ರಲ್ಲಿ ಫಲಿತಾಂಶ ಪ್ರಕಟಿಸಿತು. ಹೆಚ್ಚು ಹೆದರಿ ಮನೆ ಹಿಡಿದಿದ್ದವರಿಗೇ ಹೆಚ್ಚು ಉಪಯೋಗವಾಯಿತು. ಹೆಡ್‌ಸೆಟ್ಟಿನೊಳಗೆ ಮನೆ ಬಾಗಿಲಿದೆ, ಬಸ್ಸಿದೆ, ಡಾಕ್ಟರ ಕ್ಲಿನಿಕ್ಕಿನ ಕಾಯುವ ಕೋಣೆ ಇದೆ, ಕಾಫಿ ಅಂಗಡಿ ಇದೆ, ಸಣ್ಣ ದಿನಸಿ ಅಂಗಡಿ ಇದೆ, ಪಬ್ ಇದೆ. ರೋಗಿ ಅಲ್ಲಿ ಹೋಗಿ ನಿಲ್ಲುತ್ತಾನೆ, ಜನರ ಕಣ್ಣು ನೋಡುತ್ತಾನೆ, ಏನೂ ಆಗಲಿಲ್ಲ ಅನ್ನುವುದನ್ನು ಮೈಯಿಂದಲೇ ಕಲಿಯುತ್ತಾನೆ.

ಇನ್ನೊಂದರ ಹೆಸರು ಅವತಾರ್ ಚಿಕಿತ್ಸೆ. ಇದನ್ನು ಶುರು ಮಾಡಿದವರು ಲಂಡನ್ನಿನ ಮನೋವೈದ್ಯ ಜೂಲಿಯನ್ ಲೆಫ್. ರೋಗಿಗೆ ಕೇಳುವ ದನಿಗೆ ಕಂಪ್ಯೂಟರಿನಲ್ಲಿ ಒಂದು ಮುಖ, ಒಂದು ಧ್ವನಿ ಕೊಡುತ್ತಾರೆ. ಚಿಕಿತ್ಸಕರು ಆ ಮುಖದ ಮೂಲಕ ಮಾತಾಡುತ್ತಾರೆ. ರೋಗಿ ಎದುರು ನಿಂತು ಉತ್ತರ ಕೊಡುತ್ತಾನೆ, ಸಾಕು ನಿಲ್ಲಿಸು ಅನ್ನುತ್ತಾನೆ. ಬರುಬರುತ್ತಾ ಆ ಮುಖ ಮೆತ್ತಗಾಗುತ್ತದೆ. 150 ಜನರ ಪರೀಕ್ಷೆಯಲ್ಲಿ 12 ವಾರಕ್ಕೆ ಸಾಮಾನ್ಯ ಆಪ್ತಸಮಾಲೋಚನೆಗಿಂತ ಇದು ಮೇಲು ಅಂತ ಕಂಡಿತು. 24 ವಾರಕ್ಕೆ ಆ ವ್ಯತ್ಯಾಸ ಉಳಿದಿರಲಿಲ್ಲ. ಪವಾಡ ಅಲ್ಲ, ಆದರೆ ಕೈಬಿಡುವಂಥದ್ದೂ ಅಲ್ಲ. 2024ರಲ್ಲಿ 345 ಜನರ ಇನ್ನೊಂದು ಪರೀಕ್ಷೆಯೂ ಹೊರಬಂದಿದೆ.

ಇಲ್ಲಿಯೇ ನನ್ನ ಆತಂಕವೂ ಇದೆ. ನಾಳೆ ಯಾರೋ ಒಂದು ಕಂಪನಿಯವರು ಬಂದು ನಿಮ್ಮ ಮೇಜಿನ ಮೇಲೆ ಹೆಡ್‌ಸೆಟ್ ಇಡುತ್ತಾರೆ. ಜಿಲ್ಲೆಗೆ ಹತ್ತರಂತೆ ಖರೀದಿ ಆಗುತ್ತದೆ. ಬೀರುವಿನಲ್ಲಿ ಧೂಳು ಹಿಡಿಯುತ್ತದೆ. ನಮ್ಮ ಶಾಲೆಯ ಕಂಪ್ಯೂಟರ್‌ಗಳಿಗೆ ಹಾಗಾದದ್ದನ್ನು ನಾನು ನೋಡಿದ್ದೇನೆ. ನನ್ನ ತಮ್ಮ ಪಬ್ ನೋಡಿಲ್ಲ. ಅವನು ಹೆದರುವುದು ರೇಷನ್ ಅಂಗಡಿಯ ಸಾಲಿಗೆ, ಹೆಬ್ಬೆಟ್ಟು ಇಡು ಅಂದಾಗ. ಅವನ ಬೆರಳು ಅವನದೇ ಅಂತ ಮಷಿನ್ ಒಪ್ಪದೆ ಮೂರು ಸಲ ತಿರಸ್ಕರಿಸಿದರೆ ಅವನಿಗೆ ಏನಾಗಬಹುದು ಅಂತ ಸ್ವಲ್ಪ ಯೋಚಿಸಿ. ಅವನು ಹೆದರುವುದು ಸಂತೆಗೆ, ಮದುವೆ ಮನೆಯ ಊಟದ ಪಂಕ್ತಿಗೆ, ಅರಳಿಕಟ್ಟೆಯ ಮೇಲೆ ಕೂತವರ ನೋಟಕ್ಕೆ. ಹೆಡ್‌ಸೆಟ್ಟಿನೊಳಗೆ ಇವು ಇರಬೇಕು. ಇನ್ನು ದನಿ. ಅವನನ್ನು ಬೈಯುವ ದನಿ ಇಂಗ್ಲಿಷಿನಲ್ಲಿ ಬೈಯುವುದಿಲ್ಲ. ಪುಸ್ತಕದ ಕನ್ನಡದಲ್ಲೂ ಬೈಯುವುದಿಲ್ಲ. ನಮ್ಮ ಕಡೆಯ ಮಾತಿನಲ್ಲಿ, ತೀರಿಹೋದ ದೊಡ್ಡಪ್ಪನ ರಾಗದಲ್ಲಿ ಬೈಯುತ್ತದೆ. ಕಲಬುರಗಿಯ ಹುಡುಗಿಗೆ ಆ ಕಡೆಯ ಮಾತಿನಲ್ಲಿ, ಕುಂದಾಪುರದವರಿಗೆ ಕುಂದಾಪುರದ ಮಾತಿನಲ್ಲಿ ಕೇಳುತ್ತದೆ. ಹೊರಗಿನ ಸಾಫ್ಟ್‌ವೇರನ್ನು ಕನ್ನಡಕ್ಕೆ ತಿರುಗಿಸಿ ತಂದರೆ ಈ ಕೆಲಸ ಆಗುವುದಿಲ್ಲ.

ಇದು ನಮ್ಮ ಕೈಲಾಗದ ಮಾತೂ ಅಲ್ಲ. 1847ರಲ್ಲಿ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಅಂತ ಶುರುವಾದದ್ದು 1974ರಲ್ಲಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ಮಾಡಿ ತೋರಿಸಿದರು. ಆ ಬಳ್ಳಾರಿ ಮಾದರಿಯನ್ನೇ ಹಿಡಿದು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮಾತ್ರೆಯ ಜೊತೆಗೆ ಯೋಗ ಸೇರಿಸಿದರೆ ಸ್ಕಿಜೋಫ್ರೇನಿಯಾ ಇರುವವರಿಗೆ ಏನಾಗುತ್ತದೆ ಅಂತ, ವ್ಯಾಯಾಮದ ಜೊತೆ ಹೋಲಿಸಿ ನೋಡಿದ 2007ರ ಅಧ್ಯಯನದಲ್ಲೂ ನಿಮ್ಹಾನ್ಸ್ ವೈದ್ಯರಿದ್ದರು. ಯೋಗ ಮಾಡಿದವರ ಸ್ಥಿತಿ ಹೆಚ್ಚು ಸುಧಾರಿಸಿತ್ತು. ಮೈಯ ಮೂಲಕ ಮನಸ್ಸಿಗೆ ಹೋಗುವ ದಾರಿ ನಮಗೆ ಹೊಸದಲ್ಲ. ಬೆಂಗಳೂರಿನಲ್ಲಿ ಗೇಮ್ ಮಾಡುವ, ಗ್ರಾಫಿಕ್ಸ್ ಮಾಡುವ ಹುಡುಗರು ಸಾವಿರಾರು ಜನ ಇದ್ದಾರೆ. ಅವರನ್ನು ಕರೆಸಿ ನಿಮ್ಹಾನ್ಸಿನವರ ಜೊತೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸಿನವರ ಜೊತೆ ಕೂರಿಸಿ. ಆ ಮೇಜಿನ ಸುತ್ತ ಕಾಯಿಲೆ ಅನುಭವಿಸುತ್ತಿರುವವರೂ, ಮನೆಯವರೂ ಇರಲಿ. ಯಾವ ಅಂಗಡಿ, ಯಾವ ಬಸ್ಸು, ಯಾವ ನೋಟ ಅಂತ ಹೇಳುವವರು ಅವರೇ. ಮೊದಲು ಒಂದು ತಾಲ್ಲೂಕಿನಲ್ಲಿ, ಒಪ್ಪಿಗೆ ಕೊಟ್ಟ ಕೆಲವೇ ಜನರೊಂದಿಗೆ, ಪಕ್ಕದಲ್ಲಿ ತರಬೇತಿ ಪಡೆದವರು ಇದ್ದು ಮಾಡಿ. ಹೆಡ್‌ಸೆಟ್ ಹಾಕಿದರೆ ತಲೆ ಸುತ್ತು, ವಾಕರಿಕೆ ಕೆಲವರಿಗೆ ಬರುತ್ತದೆ. ಮೊದಲೇ ನಿಜ ಯಾವುದು ಅನ್ನುವ ಗೊಂದಲದಲ್ಲಿ ಇರುವವರಿಗೆ ಮನೆಯಲ್ಲಿ ಸುಮ್ನೆ ಆಟಕ್ಕೆ ಅಂತ ಹಾಕಬಾರದು. ಇದನ್ನು ಓದುತ್ತಿರುವ ಅಣ್ಣ ತಮ್ಮಂದಿರಿಗೂ ಅಕ್ಕ ತಂಗಿಯರಿಗೂ ಈ ಮಾತು ಹೇಳುತ್ತಿದ್ದೇನೆ.

ಹೆಡ್‌ಸೆಟ್ ಬರಲು ವರ್ಷಗಳು ಬೇಕು. ಪ್ರಶ್ನೆ ಕೇಳಲು ಬೇಕಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮವಾದ ಮನೋಚೈತನ್ಯದ ಮಂಗಳವಾರದ ಕ್ಲಿನಿಕ್ಕುಗಳಲ್ಲಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಹೊಸದಾಗಿ ಬರುವ ಪ್ರತಿಯೊಬ್ಬರಿಗೂ ಆ ಮನುಷ್ಯನ ಗೆರೆಯ ಹಾಳೆ ಒಂದು ಕೊಡಿಸಿ. ವೈದ್ಯರಿಗೆ ಪುರುಸೊತ್ತು ಇಲ್ಲದಿದ್ದರೆ ಸಮಾಜ ಕಾರ್ಯಕರ್ತರು ಅಥವಾ ನರ್ಸ್ ಕೇಳಲಿ: ಮೈಯಲ್ಲಿ ಏನಾದರೂ ನಿಮ್ಮದಲ್ಲ ಅನ್ನಿಸುತ್ತಾ? ನೀವು ಮಾಡಿದ ಕೆಲಸವನ್ನು ಬೇರೆ ಯಾರೋ ಮಾಡಿಸಿದ ಹಾಗೆ ಅನ್ನಿಸುತ್ತಾ? ಆ ಹಾಳೆ ಕಡತದಲ್ಲಿ ಇರಲಿ, ಮುಂದಿನ ಸಲ ಬಂದಾಗ ಪಕ್ಕದಲ್ಲಿಟ್ಟು ನೋಡಲಿ. ಆಶಾ ಕಾರ್ಯಕರ್ತೆಯರಿಗೂ ಇದನ್ನು ಹೇಳಿಕೊಡಿ. ಹಿತ್ತಲಲ್ಲಿ ಕಾಯಿ ಸುಲಿಯುತ್ತಾ ನಿಂತುಬಿಟ್ಟ ಹುಡುಗನನ್ನು ಮೊದಲು ನೋಡುವವರು ಅವರೇ. ಅವತ್ತು ಯಾರಾದರೂ ನನಗೆ ಇದು ಕಾಯಿಲೆಯ ಲಕ್ಷಣ ಇರಬಹುದು, ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂದಿದ್ದರೆ ನಮ್ಮ ಒಂದೂವರೆ ವರ್ಷ ಉಳಿಯುತ್ತಿತ್ತು. ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರು ನಮ್ಮ ಊರಿನ ಹಾಲಿನ ಡೇರಿಯ ಗೋಡೆಯ ಮೇಲೂ ಇರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರದ ಸೇವೆಯಲ್ಲಿ ಒಳ್ಳೆಯ ಗುಣಮಟ್ಟದ ಚಿಕಿತ್ಸೆಯನ್ನು ಹಕ್ಕು ಅಂತಲೇ ಹೇಳುತ್ತದೆ. ರೋಗಿಯ ಅನುಭವವನ್ನು ಪೂರ್ತಿ ಕೇಳದ ಚಿಕಿತ್ಸೆಯನ್ನು ಒಳ್ಳೆಯ ಗುಣಮಟ್ಟ ಅಂತ ನಾನು ಒಪ್ಪಲಾರೆ.

ಹೆಸರಿನ ಬಗ್ಗೆಯೂ ಒಂದು ಮಾತು. ಈ ಕಾಯಿಲೆಗೆ ಸ್ಕಿಜೋಫ್ರೇನಿಯಾ ಅಂತ ಹೆಸರಿಟ್ಟವರು 1908ರಲ್ಲಿ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್. ಕನ್ನಡದಲ್ಲಿ ನಾವು ಅದನ್ನು ಛಿದ್ರಮನಸ್ಕತೆ ಅಂದೆವು. ಕೇಳಿದವರು ಒಬ್ಬನಲ್ಲಿ ಇಬ್ಬರು ಇದ್ದಾರೆ ಅಂದುಕೊಳ್ಳುತ್ತಾರೆ, ದೂರ ಸರಿಯುತ್ತಾರೆ. ಜಪಾನಿನವರು 2002ರಲ್ಲಿ ಹಳೆಯ ಹೆಸರು ಬಿಟ್ಟು, ಹೊಂದಾಣಿಕೆ ತಪ್ಪುವ ಕಾಯಿಲೆ ಅನ್ನುವ ಅರ್ಥದ ಹೆಸರು ಇಟ್ಟರು. ಆಮೇಲೆ ದಕ್ಷಿಣ ಕೊರಿಯಾದವರು ತಂತಿವಾದ್ಯದ ಶ್ರುತಿ ಕೂಡಿಸುವುದನ್ನು ನೆನಪಿಸುವ ಹೆಸರು ಇಟ್ಟರು. ತಮ್ಮನಿಗೆ ಇದನ್ನು ಹೇಳಿದೆ. "ಶ್ರುತಿ ತಪ್ಪಿದ್ರೆ ಮತ್ತೆ ಕೂಡಿಸ್ಬೋದಲ್ಲ" ಅಂದ. ನಮ್ಮ ವೈದ್ಯರೂ, ಭಾಷೆ ಬಲ್ಲವರೂ ಕೂತು ಕನ್ನಡಕ್ಕೂ ಒಂದು ಒಳ್ಳೆಯ ಹೆಸರು ಹುಡುಕಲಿ.

ನಾಲ್ಕು ವರ್ಷದಿಂದ ನಾನು 200 ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೈಯ ಬಗ್ಗೆ ಅವನು ಹೇಳಿದ್ದನ್ನು ಅವನ ಮಾತಿನಲ್ಲೇ, ತಾರೀಖಿನ ಸಮೇತ ಬರೆದುಕೊಂಡಿದ್ದೇನೆ. ಈಗ ಅವನೇ ಸಂಜೆ ಬಂದು "ಇವತ್ತಿನದು ಬರಿ ಅಕ್ಕ" ಅನ್ನುತ್ತಾನೆ. ಹೋದ ವಾರದ್ದು ಹೀಗಿದೆ: "ಹದಿನೆಂಟು ಕಾಯಿ ಸುಲಿದೆ. ಹನ್ನೊಂದು ನಾನು ಸುಲಿದದ್ದು. ಏಳು ಗೊತ್ತಿಲ್ಲ." ನಿಮ್ಮ ಇಲಾಖೆಯಿಂದ ಯಾರಾದರೂ ಬಂದರೆ ಆ ನೋಟ್‌ಬುಕ್ಕನ್ನೂ, ನೀಲಿ ಬಣ್ಣದ ಹಾಳೆಯನ್ನೂ ಜೆರಾಕ್ಸ್ ಮಾಡಿಸಿ ಕೊಡುತ್ತೇವೆ. ಭಾನುವಾರ ಬಿಟ್ಟು ಯಾವ ದಿನವಾದರೂ ಬರಲಿ ಅಂತ ಹೇಳು ಅಂದಿದ್ದಾನೆ. ಭಾನುವಾರ ಅವನು ತೋಟದಲ್ಲಿರುತ್ತಾನೆ.

ಇತಿ,
ಒಬ್ಬ ಅಕ್ಕ, ತಿಪಟೂರು ತಾಲ್ಲೂಕು